ನಾಲ್ಕನೇ ಲೈನಿನ ಏಳು ಮಂದಿ

ರಾಯದುರ್ಗಕ್ಕೆ ಬಂದು ಎರಡು ವರ್ಷವಾಗಿದ್ದರೂ ಚಿತ್ತಮ್ಮನನ್ನು ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಎಲ್ಲರೂ ಕರೆಯುತ್ತಿದ್ದುದು ‘ಮಡಕಶಿರಾದಾಕಿ’ ಎಂದೇ. ಮಧ್ಯಾಹ್ನ ಹೆಂಗಸರು ಗುಂಪಾಗಿ ಕೂತು ಬುತ್ತಿ ಬಿಚ್ಚುವಾಗ ಯಾರೂ ಅವಳನ್ನು ಬೇಡ ಎಂದಿರಲಿಲ್ಲ. ಬಾ ಎಂದೂ ಅಂದಿರಲಿಲ್ಲ. ಅವಳು ಕಿಟಕಿಯ ಪಕ್ಕ ಕೂತು ಮುದ್ದೆ ಉಂಡು, ಡಬ್ಬಿ ತೊಳೆದು, ಬೆಲ್ಲು ಹೊಡೆಯುವ ಮುಂಚೆಯೇ ಮಷೀನಿಗೆ ಬಂದುಬಿಡುತ್ತಿದ್ದಳು.

ಅವಳು ಮಡಕಶಿರಾ ಸೀಮೆಯ ಹೇಮಾವತಿ ಎಂಬ ಊರಿನ ಪಕ್ಕದ ಹಳ್ಳಿಯವಳು. ಇಪ್ಪತ್ತೆರಡನೇ ವಯಸ್ಸಿಗೆ ಬೆಂಗಳೂರಿನ ಗಾರ್ಮೆಂಟ್ಸ್ ಸೇರಿ ಹದಿನೆಂಟು ವರ್ಷ ಶರ್ಟಿನ ಕಾಲರು ಹೊಲಿದಿದ್ದಳು. ಅಷ್ಟರಲ್ಲಿ ಇಬ್ಬರು ತಮ್ಮಂದಿರ ಮದುವೆಯಾಯಿತು. ಅವಳ ಮದುವೆಯ ಮಾತು ಮಾತ್ರ ‘ಬರೋ ವರ್ಷ, ಬರೋ ವರ್ಷ’ ಎನ್ನುತ್ತ ಒಂದು ದಿನ ನಿಂತೇಹೋಯಿತು. ಆಮೇಲೆ ಒಂದು ಸೋಮವಾರ ಕೆಲಸಕ್ಕೆ ಹೋದರೆ ಗೇಟಿಗೆ ಬೀಗ. ಕಂಪನಿ ಮುಚ್ಚಿತ್ತು. ಗೇಟಿನ ಮುಂದೆ ಅತ್ತು, ಬೈದು, ‘ಫೋನ್ ಮಾಡ್ಕೊಳ್ಳೋಣ ಕಣ್ರೇ’ ಎಂದು ಹೆಂಗಸರೆಲ್ಲ ಒಂದೊಂದು ಬಸ್ಸು ಹತ್ತಿದರು. ಆ ನಂಬರುಗಳಿದ್ದ ಫೋನು ಪಾವಗಡದ ಬಸ್ಸಿನಲ್ಲಿ ಕಳೆದುಹೋಯಿತು. ಊರಲ್ಲಿ ತಮ್ಮಂದಿರ ಮನೆಯಲ್ಲಿ ಮೂರು ತಿಂಗಳಿದ್ದು, ತಾನು ನೆಂಟರಂತೆ ಕೂರುತ್ತಿದ್ದೇನೆಂದು ಅನ್ನಿಸಿದ ಮೇಲೆ, ರಾಯದುರ್ಗದಲ್ಲಿ ಹೊಲಿಗೆ ಕೆಲಸ ಸಿಗುತ್ತದೆಂದು ಯಾರೋ ಹೇಳಿದ್ದನ್ನು ಹಿಡಿದು ಬಂದಳು.

ಬಾಡಿಗೆ ರೂಮು ಬಡಗಿ ಹುಲುಗಪ್ಪನ ಕಾರ್ಖಾನೆಯ ಹಿಂದುಗಡೆ. ಅರವತ್ತು ದಾಟಿದ ಹುಲುಗಪ್ಪ ಬಾಗಿಲ ಮೇಲಿನ ಜಾಲರಿ, ದೇವರ ಮಂಟಪದ ಕಮಾನು ಕೊರೆಯುವವನು. ಅವನ ಬಳಿ ಸ್ಕ್ರೋಲ್ ಸಾ ಎಂಬ ಪುಟ್ಟ ಗರಗಸದ ಮಷೀನಿತ್ತು. ದಾರದಷ್ಟು ಸಣ್ಣ ಬ್ಲೇಡು ನಿಂತಲ್ಲೇ ಮೇಲೆ ಕೆಳಗೆ ಓಡುತ್ತದೆ, ಹಲಗೆಯನ್ನು ಕೈಯಲ್ಲಿ ತಿರುಗಿಸಬೇಕು. ಒಂದು ಭಾನುವಾರ ಅವಳು ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳು.

“ಏನ್ ನೋಡ್ತೀರಿ ಅಕ್ಕಾರ?”

“ಇದು ಹೊಲಿಗೆ ಮಷೀನೇ ಅಲ್ವೇನಣ್ಣ? ಸೂಜಿ ಬದ್ಲು ಬ್ಲೇಡು ಐತೆ, ಅಷ್ಟೇಯ.”

ಹುಲುಗಪ್ಪ ನಕ್ಕು ಎದ್ದು ಜಾಗ ಬಿಟ್ಟುಕೊಟ್ಟ. “ಹಂಗಾದ್ರ ಕುಂದರ್ರಿ, ಹೊಲೀರಿ ನೋಡೂನು.”

ಮೊದಲನೇ ಬ್ಲೇಡು ಪಟ್ಟನೆ ಮುರಿಯಿತು. ಎರಡನೆಯದೂ ಮುರಿಯಿತು. ಮೂರನೆಯ ಬಾರಿ ಅವಳು ನೂಕುವುದನ್ನು ಬಿಟ್ಟು, ಕಾಲರಿನ ಮೂಲೆ ತಿರುಗಿಸುವಾಗ ಬಟ್ಟೆಗೆ ಕೊಡುತ್ತಿದ್ದಷ್ಟೇ ಬಲ ಕೊಟ್ಟಳು. ಹಲಗೆಯ ಮೇಲೆ ಎಳೆದಿದ್ದ ಪೆನ್ಸಿಲ್ಲಿನ ಗೆರೆಯನ್ನು ಅಳಿಸುವಂತೆ ಬ್ಲೇಡು ಅದರ ಮೇಲೆಯೇ ಹೋಯಿತು. ಹುಲುಗಪ್ಪ ನಗುವುದನ್ನು ನಿಲ್ಲಿಸಿದ.

ಅಂದಿನಿಂದ ಭಾನುವಾರಗಳಿಗೆ ಒಂದು ಕೆಲಸವಾಯಿತು. ಎಲೆ, ಹಕ್ಕಿ ಕೊರೆದಳು. ಆಮೇಲೆ ಒಂದು ಉದ್ದನೆಯ ತೇಗದ ಹಲಗೆ ಕೇಳಿ ಪಡೆದು, ಬೆಂಗಳೂರಿನ ಕಂಪನಿಯಲ್ಲಿ ತಾನು ಹೊಲಿಯುತ್ತಿದ್ದ ನಾಲ್ಕನೇ ಲೈನನ್ನು ಬರೆದುಕೊಂಡಳು. ಮಷೀನುಗಳ ಮುಂದೆ ಸಾಲಾಗಿ ಕೂತ ಏಳು ಮಂದಿ ಹೆಂಗಸರು. ಫೋಟೋ ಇರಲಿಲ್ಲ. ಕಣ್ಣು ಮುಚ್ಚಿದರೆ ಬೆನ್ನುಗಳು ಕಾಣುತ್ತಿದ್ದವು. ಯಾರ ಬೆನ್ನು ಗೂನು, ಯಾರ ಜಡೆ ಎಡಕ್ಕೆ, ಯಾರು ಒಂದು ಚಪ್ಪಲಿ ಬಿಟ್ಟು ಪೆಡಲು ತುಳಿಯುತ್ತಿದ್ದರು ಎಲ್ಲವೂ. ತೋಳು ಮತ್ತು ಮಷೀನಿನ ನಡುವಿನ ಸಂದಿಗೆಲ್ಲ ತೂತು ಕೊರೆದು, ಬ್ಲೇಡು ಬಿಚ್ಚಿ ತೂತಿನಲ್ಲಿ ಪೋಣಿಸಿ, ಮತ್ತೆ ಬಿಗಿದು ಕತ್ತರಿಸಬೇಕಿತ್ತು. ಐದು ತಿಂಗಳು ಹಿಡಿಯಿತು. ಆ ಐದು ತಿಂಗಳು ಅವಳು ಯಾರಿಗೂ ಕೇಳದಂತೆ ಅವರ ಜೊತೆ ಮಾತಾಡಿದಳು.

ಅನಂತಪುರದಲ್ಲಿ ಕರಕುಶಲ ಸ್ಪರ್ಧೆ ಇದೆಯೆಂದು ಹೇಳಿ ಅರ್ಜಿ ತಂದುಕೊಟ್ಟವನು ಹುಲುಗಪ್ಪನೇ. “ನಾನೂ ಬರ್ತಿದ್ದೆ, ಈ ಮೊಣಕಾಲು ಬಿಡಂಗಿಲ್ಲ. ಧೈರ್ಯಲೆ ಹೋಗ್ರಿ,” ಎಂದ. ಅವಳು ಹಲಗೆಯನ್ನು ಹಳೇ ಸೀರೆಯಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದಳು.

ಹೆಸರು ಬರೆಯುವವನು ತಲೆಯೆತ್ತದೆ ತೆಲುಗಿನಲ್ಲಿ, “ಹೊಲಿಗೆ, ಕಸೂತಿ ಆ ಕಡೆ ಅಮ್ಮಾ,” ಎಂದ. ಸೀರೆ ಬಿಚ್ಚಿ ತೋರಿಸಿದ ಮೇಲೆ ಮರದ ಸಾಲಿನ ಕೊನೆಯಲ್ಲಿ ಜಾಗ ಕೊಟ್ಟ. ಅಕ್ಕಪಕ್ಕ ಗಣಪತಿ, ವೆಂಕಟರಮಣ, ಕುದುರೆ. ಅವುಗಳ ಸುತ್ತ ಮಾಡಿದವರ ಹೆಂಡಿರು ಮಕ್ಕಳು ನಿಂತು ಫೋಟೋ ಹಿಡಿಯುತ್ತಿದ್ದರು. ಚಿತ್ತಮ್ಮ ನೀರಿನ ಬಾಟಲಿ ಹಿಡಿದು ಒಬ್ಬಳೇ ಕೂತಿದ್ದಳು.

ಮಧ್ಯಾಹ್ನ ಬಂದ ತೀರ್ಪುಗಾರರಲ್ಲಿ ಒಬ್ಬರು ಹಲಗೆಯ ಅಂಚನ್ನು ಬೆರಳಿನಿಂದ ಸವರಿ, “ಇದು ಲೇಸರಲ್ಲಿ ಕತ್ತರಿಸಿದ್ದಾ? ಇಲ್ಲ ಬಡಗಿ ಮಾಡಿದ್ದಾ?” ಎಂದು ಕೇಳಿದರು.

“ನಾನೇ ಮಾಡಿದ್ದು ಸಾರ್.”

“ಹೇಗೆ ನಂಬೋದಮ್ಮ?”

ಹಲಗೆಯ ಮೊದಲನೇ ತಲೆಯ ಮೇಲೆ ಬೆರಳಿಟ್ಟು ಶುರುಮಾಡಿದಳು. “ಇವಳು ಓಬಮ್ಮ, ರೊಳ್ಳದವಳು. ಇವಳು ತಿಮ್ಮಕ್ಕ, ಅಗಳಿಯವಳು. ಇವಳಿಗೆ ಬೆನ್ನು ನೋವು, ದಿಂಬು ಇಟ್ಕೊಂಡು ಕೂರೋಳು, ಅದಕ್ಕೇ ಇಲ್ಲಿ ಉಬ್ಬು ಬಿಟ್ಟಿದೀನಿ...” ಏಳನೆಯವಳು ಮಂಜುಳಮ್ಮ, ಅಮರಾಪುರದ ಹತ್ತಿರದವಳು. ಅಷ್ಟರಲ್ಲಿ ಜನ ಸೇರಿದ್ದರು. ಪತ್ರಿಕೆಯ ವರದಿಗಾರನೊಬ್ಬ ಹಲಗೆಯ ಫೋಟೋ ಹಿಡಿದು, ಹೆಸರುಗಳನ್ನೆಲ್ಲ, ಅವಳ ಫೋನ್ ನಂಬರನ್ನೂ ಬರೆದುಕೊಂಡ.

“ಇದರಲ್ಲಿ ನೀನೆಲ್ಲಿದ್ದೀಯ?” ಎಂದರು ತೀರ್ಪುಗಾರರು.

“ನಾನು ಎಲ್ಲರ ಹಿಂದೆ ಕೂರ್ತಿದ್ದೆ ಸಾರ್. ನನಗೆ ನಾನು ಕಾಣ್ತಿರಲಿಲ್ಲ.”

ಮೊದಲ ಬಹುಮಾನ ವೆಂಕಟರಮಣನ ಮೂರ್ತಿಗೆ ಹೋಯಿತು. ಚಿತ್ತಮ್ಮನಿಗೆ ಪ್ರೋತ್ಸಾಹಕ ಬಹುಮಾನವೆಂದು ಒಂದು ಪ್ರಮಾಣಪತ್ರ ಸಿಕ್ಕಿತು. ಬಸ್ಸಿನಲ್ಲಿ ಅದನ್ನು ನಾಲ್ಕು ಸಲ ತೆಗೆದು ನೋಡಿದಳು. ಪಕ್ಕದವರು ಏನದು ಎಂದು ಕೇಳಿದ್ದರೆ ಹೇಳುತ್ತಿದ್ದಳು. ಅವರು ನಿದ್ದೆ ಹೋಗಿದ್ದರು.

ಎಂಟು ದಿನದ ಮೇಲೆ, ಶೆಡ್ಡಿನ ಊಟದ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

“ಚಿತ್ತಮ್ಮ ಆಂಟೀನಾ? ಪೇಪರ್ ಆಫೀಸಲ್ಲಿ ನಂಬರ್ ಇಸ್ಕೊಂಡೆ. ನಾನು ಸುಶ್ಮಿತಾ, ಮಂಜುಳಮ್ಮನ ಮಗಳು.”

ಚಿತ್ತಮ್ಮ ಡಬ್ಬಿ ಬಿಟ್ಟು ಎದ್ದು ನಿಂತಳು. “ಅಯ್ಯೋ ನಮ್ಮವ್ವ! ಕೊಡೇ ನಿಮ್ಮಮ್ಮಂಗೆ, ಫೋನ್ ಕೊಡು ಬೇಗ.”

“ಅಮ್ಮ ಹೋಗಿ ಎರಡು ವರ್ಷ ಆಯ್ತು ಆಂಟಿ. ಜಾಂಡೀಸ್ ಆಗಿತ್ತು.”

ಎರಡು ವರ್ಷ. ಹಾಗಾದರೆ ಆ ಐದು ತಿಂಗಳ ಭಾನುವಾರಗಳಲ್ಲಿ ತಾನು ಮಾತಾಡಿಸುತ್ತಿದ್ದುದು ಇಲ್ಲದವಳನ್ನು.

“ಪೇಪರ್ ಫೋಟೋದಲ್ಲಿ ಎಲ್ಲರೂ ಮುಂದಕ್ಕೆ ನೋಡ್ತವ್ರೆ,” ಹುಡುಗಿ ಕೇಳುತ್ತಿದ್ದಳು, “ಅಮ್ಮ ಒಬ್ಬಳೇ ಯಾಕೆ ಹಿಂದಕ್ಕೆ ತಿರುಗವ್ಳೆ?”

“ಗಡಿಯಾರ ಹಿಂದ್ಲು ಗೋಡೆ ಮ್ಯಾಗಿತ್ತು ಕಣವ್ವ. ಅವಳು ಬಗ್ಗಿ ತಿರುಗಿದ್ರೂ ಕಂಬ ಅಡ್ಡ. ಅದಕ್ಕೆ ನನ್ನನ್ನ ಕೇಳೋಳು. ದಿನಾ ಕೇಳೋಳು, ‘ನಾಲ್ಕಾಯ್ತಾ ಚಿತ್ತಿ? ನಮ್ ಹುಡುಗಿ ಸ್ಕೂಲ್ ಬಿಟ್ಟಿರುತ್ತೆ, ಬೀಗ ತೆಗೆಯಕ್ಕೆ ಬರಲ್ಲ ಅದಕ್ಕೆ’ ಅಂತ.”

ಸುಶ್ಮಿತಾ ಅಳುವುದು ಕೇಳಿಸಿತು. ಚಿತ್ತಮ್ಮ ಅಳಲಿಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತೇ ಇದ್ದಳು.

ಮುಂದಿನ ತಿಂಗಳು ಸುಶ್ಮಿತಾ ರಾಯದುರ್ಗಕ್ಕೆ ಬಂದಳು. ಅಷ್ಟರೊಳಗೆ ಚಿತ್ತಮ್ಮ ಬೇರೆ ಹಲಗೆಯಲ್ಲಿ ಮಂಜುಳಮ್ಮನೊಬ್ಬಳನ್ನೇ ಕೊರೆದು, ಉಜ್ಜಿ, ಎಣ್ಣೆ ಹಚ್ಚಿಟ್ಟಿದ್ದಳು. ಇಬ್ಬರೂ ಮುದ್ದೆ, ಹುರುಳಿ ಸಾರು ಉಂಡರು. ಹುಡುಗಿ ತಾಯಿಯ ಬಗ್ಗೆ ಕೇಳಿದ್ದನ್ನೆಲ್ಲ ಚಿತ್ತಮ್ಮ ಹೇಳಿದಳು, ಕೇಳದ್ದನ್ನೂ ಹೇಳಿದಳು. ಇಷ್ಟು ಮಾತಾಡಿ ಎಷ್ಟು ಕಾಲವಾಗಿತ್ತೋ. ಆ ಹಲಗೆಯನ್ನು ಹುಡುಗಿಯ ಕೈಗೆ ಕೊಟ್ಟು ಸಂಜೆಯ ಬಸ್ಸು ಹತ್ತಿಸಿ, ಅದು ತಿರುವು ದಾಟುವವರೆಗೆ ನಿಂತಳು.

ವಾಪಸ್ಸು ಬಂದಾಗ ಹುಲುಗಪ್ಪ ಕಾರ್ಖಾನೆಯ ಮುಂದೆ ಹೊಟ್ಟು ಗುಡಿಸುತ್ತಿದ್ದ. “ಯಾರ್ರಿ ಅಕ್ಕಾರ, ಆ ಹುಡುಗಿ?”

“ನಮ್ಮೋಳು ಕಣಣ್ಣ,” ಎಂದಳು ಚಿತ್ತಮ್ಮ. ರೂಮಿಗೆ ಹೋಗಿ, ಎರಡನೇ ತಟ್ಟೆಯನ್ನು ತೊಳೆದು ಬೋರಲು ಹಾಕಿದಳು.