ಕಿರುದೀಪದ ಬಾಯಿಗೆ ಕುಂಕುಮ

ನಾನೊಂದು ಗ್ಯಾಸ್ ಅಗ್ಗಿಷ್ಟಿಕೆ. ಹುಟ್ಟಿನಿಂದಲೇ ನನಗೆ ತಾಳ್ಮೆ ಕಡಿಮೆ. ಕಾರ್ಖಾನೆಯಲ್ಲಿ ಮೊದಲ ಸಲ ಹೊತ್ತಿಸಿ ಆರಿಸಿದಾಗಲೇ ಇನ್ನೊಮ್ಮೆ ಉರಿಯಬೇಕೆಂದು ಚಡಪಡಿಸಿದ್ದೆ. ಊಟಿಯ ಹೋಟೆಲೊಂದರಲ್ಲಿ ಕೆಲವು ಚಳಿಗಾಲ ದುಡಿದೆ. ಅವರು ಹೊಸದನ್ನು ತಂದಾಗ ಮಡಿಕೇರಿಯ ಸುಭದ್ರಮ್ಮನವರ ಮನೆ ಸೇರಿದೆ.

ಅವರ ಮಗಳು ವಾರಿಜ ಹೆರಿಗೆಗೆ ಬಂದಿದ್ದಳು. ಕೂಸು ದಿನ ತುಂಬುವ ಮೊದಲೇ ಹುಟ್ಟಿತ್ತು, ಅಂಗೈ ಅಗಲ. ಅದನ್ನು ಬೆಚ್ಚಗಿಟ್ಟರೆ ಉಳಿದೀತು ಎಂದಿದ್ದರು ಡಾಕ್ಟರು. ಆ ಭಾರ ನನ್ನ ಮೇಲೆ ಬಿತ್ತು.

ನನ್ನ ಒಡಲಲ್ಲಿ ಸದಾ ಉರಿಯಬೇಕಾದ ಒಂದು ಕಿರುದೀಪವಿದೆ. ಅದಕ್ಕೆ ತಾಗಿಕೊಂಡೇ ಬೆರಳಿನಂಥ ಕಡ್ಡಿ. ದೀಪದಿಂದ ಕಡ್ಡಿ ಬಿಸಿಯಾಗಿದ್ದರೆ ಮಾತ್ರ ಒಳಗೆ ಗ್ಯಾಸ್ ಬಿಡುತ್ತದೆ, ಇಲ್ಲವಾದರೆ ದಾರಿ ಮುಚ್ಚುತ್ತದೆ. ಹೊತ್ತಿಸುವಾಗ ಕಡ್ಡಿ ಬಿಸಿಯಾಗುವ ತನಕ ಗುಂಡಿ ಒತ್ತಿ ಹಿಡಿಯಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ನನ್ನ ಪೂಜಾರಿ ಆ ಕಡ್ಡಿಯೇ.

ಸುಭದ್ರಮ್ಮ ಶುಕ್ರವಾರ ಒಲೆಗೆ ಪೂಜೆ ಮಾಡುವವರು. ನನ್ನನ್ನು ಬಿಟ್ಟಾರೆಯೇ? ಆರಿಸಿ, ಒರೆಸಿ, ಬೆಂಕಿ ಹುಟ್ಟುವ ಜಾಗ ಇದೇ ಎಂದು ಕಿರುದೀಪದ ಬಾಯಿಗೇ ಅರಿಶಿನ ಕುಂಕುಮ ಕಲಸಿ ಹಚ್ಚಿದರು, ಪಕ್ಕದ ಕಡ್ಡಿಗೂ ಮೆತ್ತಿಕೊಂಡಿತು. ಅಂದಿನಿಂದ ಶುರುವಾಯಿತು ನನ್ನ ಗ್ರಹಚಾರ. ಗುಂಡಿ ಒತ್ತಿ ಹಿಡಿದರೆ ದೀಪ ಹೊತ್ತುತ್ತಿತ್ತು, ಬಿಟ್ಟರೆ ಆರುತ್ತಿತ್ತು. ಸಿಲಿಂಡರ್ ಬದಲಿಸಿದರು, ಕಿಡಿ ಹಾರಿಸುವ ಬ್ಯಾಟರಿ ಬದಲಿಸಿದರು.

"ಯಾರದೋ ಕಣ್ಣು ಬಿದ್ದಿದೆ ಕಣೇ," ಎಂದು ಸುಭದ್ರಮ್ಮ ಮರುವಾರ ಇನ್ನಷ್ಟು ಕುಂಕುಮ ಮೆತ್ತಿದರು. ನನಗೆ ಸಿಟ್ಟು ನೆತ್ತಿಗೇರಿತು. ಹೇಳೋಣವೆಂದರೆ ಬಾಯಿಲ್ಲ, ಇದ್ದ ಬಾಯಿಯನ್ನೂ ಅವರೇ ಮುಚ್ಚಿದ್ದರು.

ಆ ಸಂಜೆ ವಿಪರೀತ ಚಳಿ. ಅವರು ಬಾಂಡಲಿಯಲ್ಲಿ ಇದ್ದಿಲ ಕೆಂಡ ತಂದಿಟ್ಟು, ಗಾಳಿ ಬಾರದಂತೆ ಕಿಟಕಿ ಬಾಗಿಲೆಲ್ಲ ಮುಚ್ಚಿ ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ವಾರಿಜಳಿಗೆ ತಲೆ ಸುತ್ತಿತು. ಹಾಲು ಕುಡಿಯುತ್ತಿದ್ದ ಕೂಸು ಮೊಲೆ ಬಿಟ್ಟು ಕತ್ತು ವಾಲಿಸಿತು. ನಾನು ಗೋಡೆಗೆ ಅಂಟಿಕೊಂಡು ನೋಡುತ್ತಿದ್ದೆ. ಅಷ್ಟು ಹೆದರಿಕೆ ನನಗೆ ಎಂದೂ ಆಗಿರಲಿಲ್ಲ.

"ಅಮ್ಮಾ, ಬಾಗಿಲು ತೆಗಿ! ಮಗು ಕಣ್ಣು ಬಿಡ್ತಿಲ್ಲ!"

ಸುಭದ್ರಮ್ಮ ಓಡಿಬಂದು ಕೂಸನ್ನೂ ಮಗಳನ್ನೂ ಅಂಗಳಕ್ಕೆ ಎಳೆದೊಯ್ದರು, ಕೆಂಡವನ್ನು ಹೊರಗೆಸೆದರು. ತಣ್ಣನೆ ಗಾಳಿ ಸೋಕಿ ಕೂಸು ಸೀನಿತು, ಅತ್ತಿತು. ಆ ಅಳು ಕೇಳಿ ನನಗೆ ಜೀವ ಬಂತು. ಆದರೆ ಕೋಣೆ ಈಗ ಮಂಜುಗಡ್ಡೆ.

ವಾರಿಜ ಕೂಸನ್ನು ಅಮ್ಮನ ಸೆರಗಿನೊಳಗೆ ಇಟ್ಟು ನನ್ನ ಮುಂದೆ ಕುಳಿತಳು. ಗುಂಡಿ ಒತ್ತಿದಳು, ಬಿಟ್ಟಳು.

"ಹೊತ್ಕೊಳ್ಳುತ್ತೆ, ನಿಲ್ಲಲ್ಲ. ಅಂದ್ರೆ ಗ್ಯಾಸೂ ಇದೆ, ಕಿಡಿನೂ ಇದೆ. ತೊಂದ್ರೆ ಈ ದೀಪದ ಹತ್ರಾನೇ ಕಣಮ್ಮ."

ಸಿಲಿಂಡರ್ ಬಂದ್ ಮಾಡಿ ಟಾರ್ಚ್ ಬಿಟ್ಟಳು. ಕಡ್ಡಿಗೆ ಬಿಸಿಯೇ ತಾಗದಂತೆ ಅದರ ಮೇಲೆ ಕೆಂಪು ಹಕ್ಕಳೆ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಕೆಂಪಾದ ಬ್ರಷ್ಷನ್ನು ಅಮ್ಮನಿಗೆ ತೋರಿಸಿದಳು. ಸುಭದ್ರಮ್ಮ ಕೂಸನ್ನು ಇನ್ನಷ್ಟು ಅಪ್ಪಿಕೊಂಡರು. ವಾರಿಜ ಸಿಲಿಂಡರ್ ತೆರೆದು ಮತ್ತೆ ಗುಂಡಿ ಒತ್ತಿದಾಗ ಕಿರುದೀಪ ಹೊತ್ತಿತು. ಕೈಬಿಟ್ಟರೂ ನಿಂತಿತು. ನಾನು ಭಗ್ಗನೆ ಉರಿದೆ.

ಆಮೇಲೆ ಪ್ರತಿ ಶುಕ್ರವಾರ ಕುಂಕುಮ ನನ್ನ ಮೇಲಿನ ಗೋಡೆಗೆ ಬಿತ್ತು. ಆ ಕೂಸು ಈಗ ಕಾಲೇಜಿಗೆ ಹೋಗುತ್ತಾಳೆ. ನನ್ನ ಕೊಳವೆಗಳು ತುಕ್ಕು ಹಿಡಿದವು. ಕಳೆದ ವಾರ ನನ್ನನ್ನು ಕಳಚಿ ಹಿತ್ತಲಿನ ಶೆಡ್ಡಿಗೆ ತಂದಿಟ್ಟರು.

ಸುಭದ್ರಮ್ಮ ಕೋಲೂರಿಕೊಂಡು ಬಂದರು. ಕುಂಕುಮ ಅದ್ದಿದ ಬೆರಳನ್ನು ನೇರ ಕಿರುದೀಪದ ಬಾಯಿಗೇ ಇಟ್ಟರು.

"ಇನ್ನು ಆರಿಹೋಗೋ ಭಯ ಇಲ್ವಲ್ಲ ನಿಂಗೆ," ಎಂದರು.