ಮುಂಗಡ ನಮಸ್ಕಾರ

ಚೆಂಡು ಕೈಯಲ್ಲಿತ್ತು, ಎದುರಿಗೆ ಯಾರೂ ಇರಲಿಲ್ಲ. ಬುಟ್ಟಿಗೆ ಹಾಕುವುದೊಂದೇ ಬಾಕಿ. ಆದರೆ ಶಾಂತಾದೇವಿ ಚೆಂಡು ಬಿಟ್ಟು ಹಿಂದಕ್ಕೆ ತಿರುಗಿ, ಚೆಲುವಾಂಬಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಓಡುವಾಗ ಅವಳಿಗೆ ಕಾಲು ತಗುಲಿತ್ತಲ್ಲ, ಅದಕ್ಕೆ. ಚೆಂಡು ಉರುಳಿಕೊಂಡು ಹೋಗಿ ಚರಂಡಿಗೆ ಬಿತ್ತು.

“ಅಯ್ಯೋ ನಿನ್ನ! ಆಟದ ಮಧ್ಯೆ ಅದೇನೇ ನಮಸ್ಕಾರ?” ಡ್ರಿಲ್ ಟೀಚರ್ ಯದುಗಿರಿ ಸೀಟಿ ಊದಿದಳು.

“ಪಾಪ ಬರುತ್ತಲ್ಲ ಮಿಸ್! ಸುಮ್ನೆ ಹೆಂಗೆ ಹೋಗೋದು?”

ಯದುಗಿರಿಗೆ ಅಳು ಬರುವುದೊಂದು ಬಾಕಿ. ಹೋದ ವರ್ಷ ಹಾಸನದ ಹುಡುಗಿಯರು ಅರಸೀಕೆರೆಗೆ ಬಂದು ಇವರನ್ನು ಹಿಂಡಿ ಹಿಪ್ಪೆ ಮಾಡಿ ಹೋಗಿದ್ದರು. “ಈ ಸಲವೂ ಹಂಗೇ ಆದ್ರೆ ಆ ಬುಟ್ಟಿ ಕಂಬ ಕೀಳಿಸಿ, ಆಟದ ಪೀರಿಯಡ್ ಹೊಲಿಗೆಗೆ ಕೊಟ್ಬಿಡ್ತೀನಿ ಕಣ್ರೀ,” ಎಂದು ಹೆಡ್‌ಮಿಸ್ ಲಲಿತಮ್ಮ ಕಡ್ಡಿ ಮುರಿದಂತೆ ಹೇಳಿದ್ದರು. ಆ ಕಂಬ ಎಂದರೆ ಯದುಗಿರಿಗೆ ಪ್ರಾಣ. ಮೊದಲು ಓಟ, ಆಮೇಲೆ ಪಾಸು, ಆಮೇಲೆ ಬುಟ್ಟಿಗೆ ಗುರಿ, ಕೊನೆಗೆ ಆಟ ಎಂದು ಎಷ್ಟು ಚೆನ್ನಾಗಿ ಯೋಚಿಸಿಟ್ಟಿದ್ದಳು! ಎಲ್ಲ ಬಂದು ಈ ಕಾಲಿನ ಹತ್ತಿರ ಕೆಡುತ್ತಿತ್ತು. ಬೈದಳು, ಮೈದಾನ ಸುತ್ತಿಸಿದಳು. ಊಹೂಂ.

ಒಂದು ಸಂಜೆ ತಾನೇ ಆಡಿ ತೋರಿಸುವಾಗ ಕಾಲು ಚೆಂಡಿಗೆ ತಾಗಿತು. ನೋಡನೋಡುತ್ತ ಅವಳ ಕೈ ಚೆಂಡು ಮುಟ್ಟಿ ಕಣ್ಣಿಗೆ ಹೋಗಿಯೇಬಿಟ್ಟಿತು! ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅವಳಿಗೂ ನಗು ತಡೆಯಲಾಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ, ಇನ್ನು ಬೈದರೆ ಹೋದೀತೆ?

ಮಾರನೆಯ ದಿನ ಓಟಕ್ಕೂ ಮೊದಲು ಎಲ್ಲರನ್ನೂ ದುಂಡಗೆ ನಿಲ್ಲಿಸಿದಳು. “ಒಬ್ಬರಿಗೊಬ್ಬರು ನಮಸ್ಕಾರ ಮಾಡ್ಕೊಳ್ಳಿ. ಚೆಂಡಿಗೂ ಮಾಡಿ. ಇವತ್ತು ತಗುಲೋ ಕಾಲಿಗೆಲ್ಲ ಇದೇ ಮುಂಗಡ.”

“ಮುಂಗಡ ಈಸ್ಕೊಂಡ ಮೇಲೆ ಯಾರೂ ತಕರಾರು ತೆಗೆಯಂಗಿಲ್ಲ!” ಎಂದಳು ಶಾಂತಾದೇವಿ. ಕೊಬ್ಬರಿ ಮಂಡಿಯವರ ಮಗಳಲ್ಲವೇ. ಅಂದಿನಿಂದ ಆಟಕ್ಕೆ ಕಳೆ ಬಂತು.

ಪಂದ್ಯದ ದಿನ ನಡೆದದ್ದೇ ಬೇರೆ. ಕಾಲು ತಗುಲಿದಾಗಲೆಲ್ಲ ಹಾಸನದವರು ನಮಸ್ಕಾರಕ್ಕೆ ಬಗ್ಗುತ್ತಿದ್ದರು, ಇವರು ಚೆಂಡು ಕಸಿದು ಓಡುತ್ತಿದ್ದರು. ಲಲಿತಮ್ಮನವರ ಮುಖ ಅರಳಿತ್ತು. ಯದುಗಿರಿಗೂ ಮೊದಮೊದಲು ಖುಷಿಯೋ ಖುಷಿ. ಆಮೇಲೆ ಯಾಕೋ ಮನಸ್ಸು ಒಪ್ಪಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಕಂಬ ಉಳಿಯುತ್ತದೆ, ನಿಜ. ಆದರೂ ವಿರಾಮದಲ್ಲಿ ಎದುರು ತಂಡವನ್ನೂ ಮುಂಗಡಕ್ಕೆ ಕರೆದಳು.

“ಮಿಸ್, ಗೆಲ್ತಾ ಇದೀವಲ್ಲ!” ಶಾಂತಾದೇವಿ ಅಂಗಲಾಚಿದಳು.

“ಬಗ್ಗಿದವರ ಪಕ್ಕದಲ್ಲಿ ಓಡೋದೂ ಒಂದು ಆಟಾನೇನೇ? ಬಾ ಇಲ್ಲಿ.”

ಎರಡೂ ತಂಡಗಳು ಒಂದೇ ಸುತ್ತಿನಲ್ಲಿ ನಿಂತು, ಕಿಸಕಿಸ ನಗುತ್ತ ಮುಂಗಡ ಕೊಟ್ಟುಕೊಂಡವು. ಆಮೇಲೆ ನೋಡಬೇಕಿತ್ತು ಆಟವನ್ನು! ಧೂಳೆದ್ದುಹೋಯಿತು. ಕೊನೆಯ ಗಳಿಗೆಯಲ್ಲಿ ಹಾಸನದವರು ಒಂದೇ ಒಂದು ಬುಟ್ಟಿಯಿಂದ ಗೆದ್ದರು.

ಯದುಗಿರಿ ಹೆದರುತ್ತಲೇ ತಿರುಗಿದಳು. ಲಲಿತಮ್ಮ ಕುರ್ಚಿಯಲ್ಲಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಗೆರೆಯೊಳಗೇ ಬಂದು ನಿಂತಿದ್ದರು, ಕೂಗಿ ಕೂಗಿ ಗಂಟಲು ಕಟ್ಟಿತ್ತು.

“ನಾಳೆಯಿಂದ ಪ್ರಾಕ್ಟೀಸು ಬೇಗ ಶುರು ಮಾಡ್ರೀ. ಹೊಲಿಗೇನ ಮನೇಲಿ ಕಲೀಲಿ!”

ಸ್ಟೇಷನ್ನಿನ ಕಡೆಯಿಂದ ಹಾಸನಕ್ಕೆ ಹೋಗುವ ರೈಲು ಕೂಗಿತು. ಅಂಗಳದಲ್ಲಿ ಎರಡೂರಿನ ಹುಡುಗಿಯರು ಕಲೆತು ಮತ್ತೆ ಆಡುತ್ತಿದ್ದರು. ಯಾರೊಬ್ಬರೂ ಆ ಕಡೆ ತಿರುಗಲಿಲ್ಲ.