ಓದದೆ ಬರೆಯದ ನಾದಿನಿ

ನನ್ನ ನಾದಿನಿ ಯಾವ ಕೋಣೆಗೂ ನೆಟ್ಟಗೆ ಕಾಲಿಡುವವಳಲ್ಲ. ಅಡ್ಡಡ್ಡ ಬರುತ್ತಾಳೆ: ಎಡಭುಜ ಮುಂದೆ, ತಲೆ ತುಸು ಬಗ್ಗಿ, ಬಲಗೈ ಏನನ್ನೋ ಹಿಡಿದಂತೆ ಹಿಂದೆ. ಲಿಫ್ಟ್ ರಿಪೇರಿಯ ಕೆಲಸದಲ್ಲಿ ಅರ್ಧ ಆಯುಷ್ಯ ಏಣಿ ಹೊತ್ತು ತಿರುಗಿದ ಮೈ ಅದು; ಏಣಿ ಇಳಿಸಿದ ಸುದ್ದಿ ಮೈಗೆ ಇನ್ನೂ ಮುಟ್ಟಿಲ್ಲ. ನಮ್ಮ ಮನೆಯ ಬಾಗಿಲು ಸಾಕಷ್ಟು ಅಗಲವಿದೆ. ಆದರೂ ಚೌಕಟ್ಟಿಗೆ ತಗಲೀತೆಂದು ತಿರುಗಿ, ಇಲ್ಲದ ಏಣಿಯ ಹಿಂದುಗಡೆಯನ್ನು ಒಮ್ಮೆ ನೋಡಿಕೊಂಡೇ ಅವಳು ಒಳಗೆ ಬರುವುದು.

ಅವಳ ಬೂದು ಕೋಟಿಗೆ ಮೈಯೆಲ್ಲ ಜೇಬು. ಯಾವುದರಲ್ಲಿ ಏನಿದೆಯೆಂದು ಅವಳಿಗೂ ಗೊತ್ತಿಲ್ಲ. ಕನ್ನಡಕ ಹುಡುಕಿದರೆ ಸ್ಕ್ರೂಡ್ರೈವರ್ ಸಿಗುತ್ತದೆ, ಸ್ಕ್ರೂಡ್ರೈವರ್ ಹುಡುಕಿದರೆ ಅರ್ಧ ತಿಂದ ಬಿಸ್ಕತ್ತು. "ಇದು ಯಾವಾಗಿಂದು ಅತ್ತಿಗೆ?" ಎಂದು ನನ್ನನ್ನೇ ಕೇಳಿ, ಉತ್ತರಕ್ಕೆ ಕಾಯದೆ ಬಾಯಿಗೆ ಹಾಕಿಕೊಳ್ಳುತ್ತಾಳೆ. ಹೋದ ಕಡೆಯಲ್ಲೆಲ್ಲ ಛತ್ರಿ ಮರೆಯುವ ಈ ಹೆಂಗಸಿನ ಕಸುಬು, ಯಂತ್ರಗಳ ಮರೆವಿಗೆ ಮದ್ದು ಮಾಡುವುದು.

ಅವಳಿಗೊಂದು ಹಟವಿದೆ. ಯಂತ್ರದ ನೆನಪು ಕೂತಿರುವ ಚಿಪ್‌ನೊಳಗೆ ಏನಿದೆಯೆಂದು ಪೂರ್ತಿ ಓದಿಕೊಳ್ಳದೆ ಅದರಲ್ಲಿ ಒಂದಕ್ಷರ ಬರೆಯುವುದಿಲ್ಲ. ಒಮ್ಮೆ ಯಾವುದೋ ಕಟ್ಟಡದ ಮಾಲೀಕರು, ಹಳೆಯದನ್ನು ಅಳಿಸಿ ಹೊಸದು ಹಾಕಿ ಬೇಗ ಲಿಫ್ಟ್ ಬಿಡಿ ಎಂದು ಎಗರಾಡಿದರಂತೆ. ಇವಳು ಮೆಟ್ಟಿಲ ಮೇಲೆ ಕೂತು ಓದುತ್ತಲೇ ಇದ್ದಳಂತೆ.

"ಅಷ್ಟು ಮೇಲಕ್ಕೆ ನಾನು ಹತ್ಕೊಂಡು ಹೋಗ್ಬೇಕಾ?"

"ಹತ್ತಿ ಸಾರ್, ಹೊಟ್ಟೆ ಕರಗುತ್ತೆ."

ನನ್ನ ಗಂಡ, ಅಂದರೆ ಅವಳ ಅಣ್ಣ, ಹೋಗಿ ಇನ್ನೂ ವರ್ಷ ತುಂಬಿಲ್ಲ. ಹಿಂದಿನ ಶೆಡ್ಡಿನಲ್ಲಿ ನಾವಿಬ್ಬರೂ ಪಿಂಗಾಣಿ ಲೋಟ ಮಾಡಿ ಮಾರುತ್ತಿದ್ದೆವು. ಮಣ್ಣು ನನ್ನದು, ಬೆಂಕಿ ಅವರದು. ಕರೆಂಟಿನ ಕುಲುಮೆ ಎಷ್ಟು ನಿಧಾನ ಕಾಯಬೇಕು, ಎಲ್ಲಿ ನಿಲ್ಲಬೇಕು, ಹೇಗೆ ಆರಬೇಕು ಎಂಬುದನ್ನು ವರ್ಷಗಟ್ಟಲೆ ಲೋಟ ಒಡೆದುಕೊಂಡು ಕಲಿತು, ತಾವೇ ಕಟ್ಟಿದ ಪುಟ್ಟ ಪೆಟ್ಟಿಗೆಯೊಳಗೆ ಸೇರಿಸಿಟ್ಟಿದ್ದರು. ಒಳಗಿದ್ದದ್ದು ಉಗುರಗಲದ ಮೈಕ್ರೊಕಂಟ್ರೋಲರ್, ಕುಲುಮೆಯನ್ನು ನಡೆಸುವ ಚಿಪ್. ಕರೆಂಟ್ ಹೋದರೂ ಅದಕ್ಕೆ ಮರೆವಿಲ್ಲ ಎನ್ನುತ್ತಿದ್ದರು. ಬೇರೆಲ್ಲೂ ಬರೆದಿಡಲಿಲ್ಲ.

ಒಂದು ಬೆಳಿಗ್ಗೆ ಕರೆಂಟ್ ಹೋಗಿ ಬಂದ ಮೇಲೆ ಪೆಟ್ಟಿಗೆ ನನ್ನ ಗುರುತೇ ಇಲ್ಲದಂತೆ ಕೂತಿತು. ಪರದೆಯ ಮೇಲೆ ಸಾಲಾಗಿ ಸೊನ್ನೆ. ಕೆಳಗೆ, ಇದನ್ನೇ ಉಳಿಸಲೇ ಎಂಬ ಪ್ರಶ್ನೆ. ಬಿಡಿಭಾಗದ ಅಂಗಡಿಯವರಿಗೆ ಫೋನ್ ಮಾಡಿದರೆ, "ಎಲ್ಲಾ ಅಳಿಸಿಹೋಗಿದೆ ಅಮ್ಮ. ಹೂಂ ಅಂತ ಒತ್ತಿ. ಹೊಸದಾಗಿ ಶುರು ಮಾಡಿದ್ರಾಯ್ತು" ಎಂದರು. ಬೆರಳು ಗುಂಡಿಯವರೆಗೆ ಹೋಯಿತು. ಒತ್ತಲಾಗಲಿಲ್ಲ. ಆ ಸೊನ್ನೆ ನಿಜವಾದರೆ ಅವರ ಬೆಂಕಿಯೂ ಹೋದಂತೆ. ನಾದಿನಿಯನ್ನು ಕರೆದೆ.

ಬಂದಳು, ಅಡ್ಡಡ್ಡ. ಚಪ್ಪಲಿಯನ್ನೂ ಬಿಡದೆ ಕೇಳಿದಳು.

"ಏನಾದ್ರೂ ಒತ್ತಿದ್ರಾ?"

"ಇಲ್ಲ."

"ನಿಜ ಹೇಳಿ."

"ಇಲ್ಲ ಕಣೇ."

"ಹಾಗಾದ್ರೆ ಕಾಫಿ ಇಡಿ."

ಪೆಟ್ಟಿಗೆಯನ್ನು ಶೆಡ್ಡಿನಿಂದ ಅಡುಗೆಮನೆಗೆ ತಂದು ಬಿಚ್ಚಿ, ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ, ಸಾಲುಸಾಲು ಅಂಕಿಗಳನ್ನು ತುಟಿ ಅಲ್ಲಾಡಿಸುತ್ತ ಓದತೊಡಗಿದಳು. ನಾನು ಒಲೆಯ ಮುಂದೆ ನಿಂತು ಅವಳ ಮುಖವನ್ನೇ ನೋಡುತ್ತಿದ್ದೆ.

"ಎಲ್ಲಾ ಇದೆ ಅತ್ತಿಗೆ. ಮೊದಲನೇ ಮನೆ ಮಾತ್ರ ಕೆಟ್ಟಿದೆ."

"ಯಾವ ಮನೆ?"

"ಈ ನೆನಪು ಅನ್ನೋದು ಒಂದು ಬೀದಿ ಅಂದ್ಕೊಳ್ಳಿ. ಒಳಗೆ ಜನ ಇದ್ದಾರೆ ಅಂತ ಅಣ್ಣ ಮೊದಲನೇ ಮನೆಗೆ ಒಂದು ಬೋರ್ಡು ಹಾಕಿದ್ದಾನೆ. ಬೋರ್ಡು ಬಿದ್ದುಹೋಗಿದೆ. ಪೆಟ್ಟಿಗೆ ಅದನ್ನು ನೋಡಿ, ಬೀದಿನೇ ಖಾಲಿ ಅಂದ್ಕೊಂಡಿದೆ."

"ನಾನು ಒತ್ತಿದ್ದಿದ್ರೆ?"

"ಮನೆಮನೇಲೂ ಸೊನ್ನೆ ಬಂದು ಕೂರೋದು."

ಅವಳಾಗಲೇ ಅಣ್ಣ ಬರೆದ ಪ್ರೋಗ್ರಾಮನ್ನು ಬಿಡಿಸಿಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಹೆಗಲು ಕುಲುಕಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

"ಒಂದೇ ಜಾಗದಲ್ಲಿ ಬರೆದೂ ಬರೆದೂ ಆ ಮನೆ ಸವೆಯುತ್ತೆ ಅತ್ತಿಗೆ. ಬೋರ್ಡು ಒಂದು ಸಲ ಹಾಕಿದ್ರೆ ಮುಗೀತು. ಈ ಪುಣ್ಯಾತ್ಮ ಕುಲುಮೆ ಉರಿಯೋವಾಗೆಲ್ಲ ಕ್ಷಣಕ್ಷಣಕ್ಕೂ ಅದೇ ಬೋರ್ಡು ಮತ್ತೆ ಹಾಕಿಸಿದ್ದಾನೆ. ಎಲ್ಲಿ ಬಿದ್ದಿರುತ್ತೋ ಅಂತ ಅನುಮಾನ."

ಅವರು ಹಾಗೆಯೇ ಇದ್ದರು. ಬಾಗಿಲ ಚಿಲಕ ಹಾಕಿ ಮಲಗುವುದು, ಎದ್ದು ಹೋಗಿ ಎಳೆದು ನೋಡುವುದು, ಮಲಗಿ ಮತ್ತೆ ಏಳುವುದು.

"ಆ ಚಿಲಕಾನೂ ಸಡಿಲ ಆಗಿದೆ, ಬೇಕಾದ್ರೆ ಹೋಗಿ ನೋಡು" ಎಂದೆ.

ಹೋಗಿ ಅಲ್ಲಾಡಿಸಿ ನೋಡಿದಳು. ಅದು ಗಡಗಡ ಎಂದಿತು. ಅವಳು ಅಲ್ಲಿಂದಲೇ ನಕ್ಕಳು, ನಾನು ಇಲ್ಲಿಂದ ನಕ್ಕೆ. ಅವರು ಹೋದ ಮೇಲೆ ನಾನು ಬಾಯಿ ತುಂಬ ನಕ್ಕದ್ದು ಅದೇ ಮೊದಲು. ಕಾಫಿ ಉಕ್ಕಿ ಒಲೆಯೆಲ್ಲ ಸುರಿಯಿತು.

ಇದ್ದುದನ್ನೆಲ್ಲ ಮೊದಲು ಬೇರೆ ಕಡೆ ನಕಲು ಮಾಡಿಟ್ಟುಕೊಂಡಳು. ಆಮೇಲೆ ಬೋರ್ಡನ್ನು ಪಕ್ಕದ ಗಟ್ಟಿ ಮನೆಗೆ ಸಾಗಿಸಿದಳು. ಬೋರ್ಡು ಇದ್ದರೆ ಸುಮ್ಮನಿರು, ಇಲ್ಲದಿದ್ದರೆ ಮಾತ್ರ ಹಾಕು ಎಂದು ಪೆಟ್ಟಿಗೆಗೆ ಬುದ್ಧಿ ಹೇಳಿದಳು. "ಅಣ್ಣಂಗೆ ಹೇಳೋಕಾಗ್ಲಿಲ್ಲ, ನಿಂಗಾದ್ರೂ ಹೇಳ್ತೀನಿ" ಎಂದು ಅದರ ನೆತ್ತಿಗೊಂದು ಮೊಟಕಿದಳು. ಮರುದಿನ ಕುಲುಮೆ ತೆಗೆದರೆ ಲೋಟಗಳು ಅವರ ಕಾಲದ ಬಣ್ಣಕ್ಕೇ ಬಂದಿದ್ದವು. ಬೆರಳಲ್ಲಿ ಬಡಿದೆ. ಅದೇ ದನಿ.

ಅವರು ಹೋದಾಗ ಬಂದವರೆಲ್ಲ ಧೈರ್ಯ ತಗೋ, ಮರೆತುಬಿಡು, ಹೊಸದಾಗಿ ಶುರು ಮಾಡು ಎಂದು ಹೇಳಿ ಹೋಗಿದ್ದರು. ಇವಳು ಮಾತ್ರ ಅಡ್ಡಡ್ಡ ಬಂದು ಪಕ್ಕದಲ್ಲಿ ಕೂತು, "ಅವತ್ತು ಬೆಳಿಗ್ಗೆಯಿಂದ ಹೇಳಿ ಅತ್ತಿಗೆ, ಏನೇನಾಯ್ತು" ಎಂದಿದ್ದಳು. ಹೇಳಿದೆ. ಪೂರ್ತಿ ಕೇಳಿದಳು. ಏನೂ ಹೇಳದೆ ಎದ್ದು ಹೋದಳು. ಒಂದು ಸಮಾಧಾನದ ಮಾತೂ ಬರುವುದಿಲ್ಲವೇ ಇವಳಿಗೆ ಎಂದುಕೊಂಡಿದ್ದೆ. ಅವಳ ಕಸುಬನ್ನು ಕಣ್ಣಾರೆ ಕಂಡ ಮೇಲೆ ಅರ್ಥವಾಯಿತು.

ಇಂಥವರು ಹೆಚ್ಚು ಜನ ಇರುವುದಿಲ್ಲ. ಎಲ್ಲರೂ ಖಾಲಿ ಎಂದು ಕೈಬಿಟ್ಟ ಕಡೆ ಇವರು ಒಳಹೊಕ್ಕು, ಯಾರಿದ್ದೀರಿ ಎಂದು ಕೇಳುತ್ತಾರೆ. ಇದ್ದವರನ್ನು ಎಬ್ಬಿಸದೆ, ಬಿದ್ದ ಬೋರ್ಡು ನಿಲ್ಲಿಸಿ, ಥ್ಯಾಂಕ್ಸಿಗೂ ನಿಲ್ಲದೆ, ಛತ್ರಿ ಬಿಟ್ಟು ಹೊರಟುಹೋಗುತ್ತಾರೆ. ಇಂಥವರ ಛತ್ರಿಯನ್ನು ಯಾರ ಕೈಯಲ್ಲೂ ಕಳಿಸಿಕೊಡಬಾರದು. ಅದನ್ನು ತೆಗೆದುಕೊಂಡು ಹೋಗಲಿಕ್ಕಾದರೂ ಇನ್ನೊಮ್ಮೆ ಬರಲಿ.